ರಾಯಚೂರು ಶಾಖೋತ್ಪನ್ನ ಕೇಂದ್ರ: ಸೌರ ವಿದ್ಯುತ್ತಿನ ಕಾಲದಲ್ಲಿ ಕಲ್ಲಿದ್ದಲಿಗೆ ಏನು ಕೆಲಸ? ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನಿಂದ ಹೈದರಾಬಾದ್ ದಾರಿ ಹಿಡಿದರೆ, ಕೃಷ್ಣಾ ಸೇತುವೆ ಬರುವ ಮೊದಲೇ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ (ಆರ್‌ಟಿಪಿಎಸ್) ಚಿಮಣಿಗಳು ಕಾಣಿಸುತ್ತವೆ. ಈ ಕಡೆಯ ಜನ ಅವುಗಳ ಹೊಗೆ ನೋಡಿಯೇ ಎಷ್ಟು ಘಟಕ ಓಡುತ್ತಿವೆ, ಎಷ್ಟು ನಿಂತಿವೆ ಎಂದು ಅಂದಾಜು ಹೇಳುತ್ತಾರೆ. ಒಂದು ವಾರ ಎಲ್ಲವೂ ಹೊಗೆಯಾಡುತ್ತವೆ, ಇನ್ನೊಂದು ವಾರ ಅರ್ಧಕ್ಕರ್ಧ ತಣ್ಣಗಿರುತ್ತವೆ. ಹೀಗೇಕೆ ಎಂಬ ಪ್ರಶ್ನೆಯಿಂದಲೇ ಕೆಳಗಿನ ಬಹುಪಾಲು ಪ್ರಶ್ನೆಗಳು ಹುಟ್ಟಿವೆ.

ಆರ್‌ಟಿಪಿಎಸ್ ಎಷ್ಟು ದೊಡ್ಡದು? ಯಾರದ್ದು?

ಕರ್ನಾಟಕ ವಿದ್ಯುತ್ ನಿಗಮದ್ದು, ಅಂದರೆ ಕೆಪಿಸಿಎಲ್‌ನದ್ದು. ತಲಾ 210 ಮೆಗಾವಾಟ್‌ನ ಏಳು ಘಟಕಗಳು, 250 ಮೆಗಾವಾಟ್‌ನ ಒಂದು ಘಟಕ, ಒಟ್ಟು 1,720 ಮೆಗಾವಾಟ್. ಮೊದಲ ಘಟಕ ಆರಂಭವಾದದ್ದು 1985ರಲ್ಲಿ, ಎಂಟನೆಯದು 2010ರಲ್ಲಿ. ರಾಜ್ಯದ ಮೊದಲ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೇ. ಬಳ್ಳಾರಿ ಜಿಲ್ಲೆಯ ಕುಡತಿನಿ (1,700 ಮೆಗಾವಾಟ್), ರಾಯಚೂರಿನದೇ ಯರಮರಸ್ (1,600), ಎನ್‌ಟಿಪಿಸಿಯ ಕೂಡಗಿ (2,400), ಉಡುಪಿಯ ಖಾಸಗಿ ಸ್ಥಾವರ (1,200) ಎಲ್ಲವೂ ಆಮೇಲೆ ಬಂದವು.

ಕಲ್ಲಿದ್ದಲೇ ಸಿಗದ ರಾಜ್ಯದಲ್ಲಿ ಇದನ್ನು ಏಕೆ ಕಟ್ಟಿದರು?

ಮಳೆಯನ್ನು ನಂಬಿ ಸಾಕಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ನಾಡು ಇದು. ಜೋಗ, ಶರಾವತಿ, ಕಾಳಿ ಎಂದು ನೀರಿನಿಂದಲೇ ದೀಪ ಹಚ್ಚಿಕೊಂಡು ಬಂದಿತ್ತು. ಲಿಂಗನಮಕ್ಕಿ ತುಂಬದ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ಎಂಬುದು ಮಾಮೂಲಾಗಿತ್ತು. ಮಳೆಯ ಹಂಗಿಲ್ಲದ ಒಂದು ಸ್ಥಾವರ ಬೇಕೆಂದಾಗ ಕೃಷ್ಣೆಯ ನೀರು, ಹತ್ತಿರದಲ್ಲೇ ಹಾದುಹೋಗುವ ಮುಂಬೈ–ಚೆನ್ನೈ ರೈಲು ಮಾರ್ಗ, ಪಕ್ಕದ ರಾಜ್ಯದ ಸಿಂಗರೇಣಿ ಗಣಿ ಮೂರೂ ಕೂಡಿಬಂದದ್ದು ಇಲ್ಲಿ.

ಈ ಮೂಲ ಕಾರಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆರ್‌ಟಿಪಿಎಸ್ ಹುಟ್ಟಿದ್ದೇ ಬರಗಾಲದ ಆಪತ್ತಿಗಾಗಿ.

ದಿನಕ್ಕೆ ಎಷ್ಟು ಕಲ್ಲಿದ್ದಲು ಸುಡುತ್ತದೆ?

ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ ಕಲ್ಲಿದ್ದಲು ಬೇಕು. ಎಂಟೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ 25ರಿಂದ 28 ಸಾವಿರ ಟನ್ ಹಿಡಿಯುತ್ತದೆ. ಒಂದು ಗೂಡ್ಸ್ ರೈಲು, ಅವರ ಮಾತಿನಲ್ಲಿ ಒಂದು ‘ರೇಕ್’, ಹೊತ್ತು ತರುವುದು ಸುಮಾರು 3,800 ಟನ್. ಅಂದರೆ ದಿನಕ್ಕೆ ಏಳು ರೇಕ್ ಬರಬೇಕು. ಎರಡು ರೇಕ್ ತಪ್ಪಿದರೆ ಮರುದಿನ ಪತ್ರಿಕೆಯಲ್ಲಿ ‘ಆರ್‌ಟಿಪಿಎಸ್: ಕಲ್ಲಿದ್ದಲು ಕೊರತೆ’ ಎಂಬ ಶೀರ್ಷಿಕೆ ಸಿದ್ಧ. ಸಿಂಗರೇಣಿಯ ಜೊತೆಗೆ ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್, ಒಡಿಶಾದ ಮಹಾನದಿ ಗಣಿಗಳಿಂದಲೂ ಕಲ್ಲಿದ್ದಲು ಬರುತ್ತದೆ. ಮಳೆಗಾಲದಲ್ಲಿ ಬರುವ ಒದ್ದೆ ಕಲ್ಲಿದ್ದಲು ಅಂಟಂಟಾಗಿ ಬಂಕರ್‌ನಲ್ಲೇ ಸಿಕ್ಕಿಕೊಂಡು ಕಾಡುವುದು ಬೇರೆ ಕಥೆ.

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆಯಲ್ಲ, ಇನ್ನೂ ಕಲ್ಲಿದ್ದಲು ಏಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಪಾವಗಡದ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ಕಾಗದದ ಮೇಲೆ ಅದು ಆರ್‌ಟಿಪಿಎಸ್‌ಗಿಂತ ದೊಡ್ಡದು. ಇಡೀ ರಾಜ್ಯದ ಸೌರ ಸಾಮರ್ಥ್ಯ 9,000 ಮೆಗಾವಾಟ್ ದಾಟಿದೆ, ಪವನ ವಿದ್ಯುತ್ತಿನದು 7,000 ದಾಟಿದೆ.

ಆದರೆ ‘ಸಾಮರ್ಥ್ಯ’ ಎಂಬ ಪದ ದಾರಿ ತಪ್ಪಿಸುತ್ತದೆ. ಪಾವಗಡದ ಫಲಕಗಳು ಬೆಳಿಗ್ಗೆ ಏಳಕ್ಕೆ ಕಣ್ಣು ಬಿಟ್ಟು, ಮಧ್ಯಾಹ್ನ ಉತ್ತುಂಗಕ್ಕೇರಿ, ಸಂಜೆ ಆರರ ಹೊತ್ತಿಗೆ ಸೊನ್ನೆಗೆ ಇಳಿಯುತ್ತವೆ. ಇಡೀ ವರ್ಷದ ಲೆಕ್ಕ ಹಾಕಿದರೆ ಅವು ಕೊಡುವುದು ಪೂರ್ಣ ಸಾಮರ್ಥ್ಯದ ಕಾಲು ಭಾಗದ ಆಸುಪಾಸು. ಸಂಜೆ ಆರೂವರೆಗೆ ಬೆಂಗಳೂರಿನ ಮನೆಗಳಲ್ಲಿ ದೀಪ, ಫ್ಯಾನ್, ಟಿ.ವಿ., ಮಿಕ್ಸಿ ಒಟ್ಟಿಗೆ ಚಾಲೂ ಆಗುವಾಗ ಪಾವಗಡ ಮಲಗಿರುತ್ತದೆ. ಬೆಳಗಿನ ಜಾವ ಐದೂವರೆಯಿಂದ ಏಳರವರೆಗಿನ ಗೀಸರ್ ಹೊತ್ತಿನಲ್ಲೂ ಅಷ್ಟೇ.

ಸರ್ಕಾರ ಇದಕ್ಕೆ ತಕ್ಕಂತೆ ಒಂದು ಜಾಣತನದ ಕೆಲಸ ಮಾಡಿದೆ. 30 ಲಕ್ಷಕ್ಕೂ ಹೆಚ್ಚಿರುವ ನೀರಾವರಿ ಪಂಪ್‌ಸೆಟ್‌ಗಳ ಪೈಕಿ ಸಾಧ್ಯವಾದಷ್ಟಕ್ಕೆ ತ್ರೀಫೇಸ್ ವಿದ್ಯುತ್ತನ್ನು ಹಗಲಿಗೆ ತಂದಿದೆ. ನಡುರಾತ್ರಿ ಟಾರ್ಚ್ ಹಿಡಿದು, ಹಾವು ಚೇಳಿಗೆ ಹೆದರುತ್ತ ಮೋಟಾರ್ ಹಾಕಲು ಹೋಗುತ್ತಿದ್ದ ರೈತನಿಗೆ ಸೌರ ವಿದ್ಯುತ್ತು ಮಾಡಿದ ಉಪಕಾರ ಇದು. ಇದನ್ನು ಅಂಕಿ ಅಂಶಗಳಲ್ಲಿ ಹುಡುಕಬೇಡಿ, ಯಾವುದಾದರೂ ಹಳ್ಳಿಯ ಕಟ್ಟೆಯಲ್ಲಿ ಕೇಳಿ. ಹೀಗೆ ಹಗಲಿನ ಬೇಡಿಕೆಯ ದೊಡ್ಡ ಪಾಲನ್ನು ಸೂರ್ಯ ಹೊತ್ತುಕೊಂಡ. ಕಲ್ಲಿದ್ದಲಿಗೆ ಉಳಿದದ್ದು ಸಂಜೆ, ರಾತ್ರಿ, ಮೋಡ ಮುಸುಕಿದ ದಿನ, ಮತ್ತು ಬರದ ವರ್ಷ.

ಹಾಗಾದರೆ ಹಗಲು ನಿಲ್ಲಿಸಿ, ಸಂಜೆ ಹಚ್ಚಿದರಾಯಿತಲ್ಲ?

ಬಚ್ಚಲ ಹಂಡೆಗೆ ಸೌದೆ ಹಾಕಿ ನೀರು ಕಾಯಿಸಿದವರಿಗೆ ಉತ್ತರ ಗೊತ್ತು. ಬೆಂಕಿ ಹಚ್ಚಿದ ತಕ್ಷಣ ನೀರು ಕಾಯುವುದಿಲ್ಲ, ಆರಿಸಿದ ತಕ್ಷಣ ತಣ್ಣಗಾಗುವುದೂ ಇಲ್ಲ. ಈಗ ಆ ಹಂಡೆ ಹತ್ತಾರು ಅಂತಸ್ತಿನ ಕಟ್ಟಡದಷ್ಟು ಎತ್ತರವಿದೆ ಎಂದುಕೊಳ್ಳಿ.

210 ಮೆಗಾವಾಟ್ ಘಟಕದಲ್ಲಿ ಕಲ್ಲಿದ್ದಲನ್ನು ಮಿಲ್‌ನಲ್ಲಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿ ಅರೆದು, ಬಿಸಿ ಗಾಳಿಯೊಂದಿಗೆ ಬಾಯ್ಲರಿಗೆ ಊದುತ್ತಾರೆ. ಅಲ್ಲಿ ಹುಟ್ಟುವ ಉಗಿಯ ಉಷ್ಣತೆ ಸುಮಾರು 540 ಡಿಗ್ರಿ ಸೆಲ್ಸಿಯಸ್, ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ನೂರೈವತ್ತರಷ್ಟು ಪಟ್ಟು. ಅದು ಟರ್ಬೈನನ್ನು ನಿಮಿಷಕ್ಕೆ 3,000 ಸುತ್ತು ತಿರುಗಿಸುತ್ತದೆ. ಪೂರ್ತಿ ತಣ್ಣಗಾದ ಘಟಕವನ್ನು ಈ ಸ್ಥಿತಿಗೆ ತರುವುದು ತಾಳ್ಮೆಯ ಕೆಲಸ. ಮೊದಲು ತೈಲ ಸುಟ್ಟು ಬಾಯ್ಲರನ್ನು ನಿಧಾನವಾಗಿ ಬಿಸಿ ಮಾಡಬೇಕು, ಆಮೇಲೆ ಉಗಿಯ ಕೊಳವೆಗಳನ್ನು, ಆಮೇಲೆ ಟರ್ಬೈನನ್ನು. ಅವಸರ ಮಾಡಿದರೆ ದಪ್ಪ ಉಕ್ಕು ಒಳಗೊಂದು ರೀತಿ, ಹೊರಗೊಂದು ರೀತಿ ಹಿಗ್ಗಿ ಬಿರುಕು ಬಿಡುತ್ತದೆ. ಗ್ರಿಡ್‌ಗೆ, ಅಂದರೆ ವಿದ್ಯುತ್ ಜಾಲಕ್ಕೆ, ಸೇರಿಸುವ ಹೊತ್ತಿಗೆ ಎಂಟು ಹತ್ತು ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತು ಸುಟ್ಟ ತೈಲದ ಬೆಲೆಯ ಮುಂದೆ ಕಲ್ಲಿದ್ದಲು ತೀರಾ ಅಗ್ಗ.

ನಿಲ್ಲಿಸುವುದೂ ಸುಲಭವಲ್ಲ. ಬಿಸಿಯಾಗಿರುವ ಟರ್ಬೈನಿನ ರೋಟರನ್ನು ಒಂದೇ ಭಂಗಿಯಲ್ಲಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆದ್ದರಿಂದ ಅದು ತಣ್ಣಗಾಗುವವರೆಗೆ ಮೋಟಾರ್ ಕಟ್ಟಿ ಮೆಲ್ಲಗೆ ತಿರುಗಿಸುತ್ತಲೇ ಇರುತ್ತಾರೆ. ಹೊರಗಿನವರಿಗೆ ಘಟಕ ನಿಂತಿದೆ, ಒಳಗಿನವರಿಗೆ ನಿದ್ದೆ ಇಲ್ಲ.

ಹೀಗಾಗಿ ಪೂರ್ತಿ ನಿಲ್ಲಿಸುವ ಬದಲು ಹಗಲಿನಲ್ಲಿ ಉತ್ಪಾದನೆಯನ್ನು ತಗ್ಗಿಸಿ, ಸಂಜೆ ಏರಿಸುತ್ತಾರೆ. ಎಷ್ಟು ತಗ್ಗಿಸಬಹುದು ಎಂಬುದೇ ಈಗಿನ ಜಗ್ಗಾಟ. ಶೇ 55ಕ್ಕೆ ಇಳಿಸಿದರೆ 210ರ ಘಟಕ 115 ಮೆಗಾವಾಟ್‌ನಲ್ಲಿ ಓಡುತ್ತದೆ. ಹಂತಹಂತವಾಗಿ ಶೇ 40ಕ್ಕೆ ಇಳಿಸುವಂತೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ತಂದಿದೆ, ಅಂದರೆ 84 ಮೆಗಾವಾಟ್. ಅಷ್ಟು ಸಣ್ಣ ಉರಿಯಲ್ಲಿ ಬೂದಿ ಹೆಚ್ಚಿರುವ ನಮ್ಮ ಕಲ್ಲಿದ್ದಲು ಸ್ಥಿರವಾಗಿ ಉರಿಯುವುದು ಕಷ್ಟ. ಜ್ವಾಲೆ ನಂದದಂತೆ ಮತ್ತೆ ತೈಲದ ಆಸರೆ ಬೇಕಾಗುತ್ತದೆ.

‘ಬಾಯ್ಲರ್ ಟ್ಯೂಬ್ ಸೋರಿಕೆ, ಘಟಕ ಸ್ಥಗಿತ’ ಎಂಬ ಸುದ್ದಿ ಅಷ್ಟೊಂದು ಬರುವುದು ಏಕೆ?

ಮೇಲಿನ ಉತ್ತರದ ಮುಂದುವರಿಕೆ ಇದು. ಬಾಯ್ಲರಿನ ಗೋಡೆಯೆಂದರೆ ಒತ್ತೊತ್ತಾಗಿ ನಿಲ್ಲಿಸಿದ ಉಕ್ಕಿನ ಕೊಳವೆಗಳ ಸಾಲು. ಹೊರಗೆ ಬೆಂಕಿ, ಒಳಗೆ ನೀರು. ಹಾರುಬೂದಿ ಮರಳು ಕಾಗದದಂತೆ ಅವುಗಳನ್ನು ಸವೆಸುತ್ತದೆ. ದಿನವೂ ಏರಿಳಿಸಿದರೆ ಹಿಗ್ಗಿ ಕುಗ್ಗಿ ಬೆಸುಗೆ ಸಡಿಲವಾಗುತ್ತದೆ. ಒಂದು ಕೊಳವೆಯಲ್ಲಿ ಸೂಜಿ ತೂತಾದರೂ ಸಾಕು, ಆ ಉಗಿ ಪಕ್ಕದ ಕೊಳವೆಯನ್ನು ಕೊರೆಯುತ್ತದೆ. ಘಟಕ ನಿಲ್ಲಿಸಿ, ತಣ್ಣಗಾಗಲು ಕಾದು, ಒಳಗಿಳಿದು ಬೆಸೆಯಬೇಕು. ನಲವತ್ತು ವರ್ಷದ ಯಂತ್ರಕ್ಕೆ ಹೊಸ ಬಗೆಯ ಕುಣಿತ ಕಲಿಸಿದರೆ ಮಂಡಿ ನೋವು ಬಾರದಿದ್ದೀತೇ?

ಓಡದ ಘಟಕಕ್ಕೂ ನಾವು ಹಣ ಕೊಡುತ್ತೇವೆಯೇ?

ಕೊಡುತ್ತೇವೆ. ವಿದ್ಯುತ್ ಖರೀದಿಯ ದರದಲ್ಲಿ ಎರಡು ಭಾಗಗಳಿವೆ. ಸಾಲದ ಬಡ್ಡಿ, ಸಂಬಳ, ದುರಸ್ತಿಗೆಂದು ನಿಗದಿತ ಶುಲ್ಕ, ಸುಟ್ಟ ಕಲ್ಲಿದ್ದಲಿಗೆಂದು ಬದಲಾಗುವ ಶುಲ್ಕ. ಘಟಕ ಸಿದ್ಧವಾಗಿ ನಿಂತಿದ್ದರೆ ಮೊದಲನೆಯದನ್ನು ವಿದ್ಯುತ್ ಹಂಚುವ ಕಂಪನಿಗಳಾದ ಎಸ್ಕಾಂಗಳು ಕೊಡಲೇಬೇಕು, ಅದು ನಮ್ಮ ಬಿಲ್ಲಿಗೆ ಬರಲೇಬೇಕು. ಮದುವೆಗೆ ಹೋದಾಗ ಬಾಡಿಗೆ ಕಾರನ್ನು ಮಂಟಪದ ಹೊರಗೆ ನಿಲ್ಲಿಸಿಕೊಂಡರೆ ವೇಟಿಂಗ್ ಚಾರ್ಜ್ ಕೊಡುವುದಿಲ್ಲವೇ, ಹಾಗೆ.

ಯಾವ ಘಟಕ ಓಡಬೇಕೆಂಬುದನ್ನು ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ನಿರ್ಧರಿಸುತ್ತದೆ. ಇಂಧನ ವೆಚ್ಚ ಕಡಿಮೆ ಇರುವವರಿಗೆ ಮೊದಲ ಸರದಿ. ದೂರದಿಂದ ರೈಲಿನಲ್ಲಿ ಕಲ್ಲಿದ್ದಲು ತರಿಸುವ, ದಕ್ಷತೆ ಕಡಿಮೆ ಇರುವ ರಾಯಚೂರಿನ ಹಳೆಯ ಘಟಕಗಳು ಸರದಿಯ ಹಿಂದೆ ಬೀಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ಭರದಿಂದ ತಿರುಗಿ, ಜಲಾಶಯಗಳೂ ತುಂಬಿದರೆ ಶಕ್ತಿನಗರದ ಚಿಮಣಿಗಳಿಗೆ ರಜೆ. ನೀವು ಕಂಡ ಹೊಗೆಯಿಲ್ಲದ ವಾರಗಳು ಬಹುಮಟ್ಟಿಗೆ ಅವೇ.

ಈ ಕಾಯುವ ಕೂಲಿ ದಂಡವೆಂದು ಕೆಲವರ ವಾದ. ಮಳೆ ಚೆನ್ನಾಗಿರುವ ವರ್ಷ ನನಗೂ ಹಾಗೆನಿಸುತ್ತದೆ.

2023ರಲ್ಲಿ ಏನಾಯಿತು?

ಮಳೆ ಕೈಕೊಟ್ಟಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ಮಳೆಗಾಲ ಮುಗಿಯುವ ಹೊತ್ತಿಗೆ ಇಳಿಯಬೇಕಾದ ಬೇಡಿಕೆ, ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿದ್ದರಿಂದ ಅಕ್ಟೋಬರ್‌ನಲ್ಲೇ ಬೇಸಿಗೆಯ ಮಟ್ಟಕ್ಕೆ ಏರಿತು. ಅತ್ತ ಜಲಾಶಯಗಳಲ್ಲಿ ನೀರಿಲ್ಲ. ರೈತರಿಗೆ ಏಳು ಗಂಟೆಯ ಬದಲು ಐದು ಗಂಟೆ ವಿದ್ಯುತ್. ರಸ್ತೆ ತಡೆ, ಎಸ್ಕಾಂ ಕಚೇರಿಗಳ ಮುಂದೆ ಧರಣಿ. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ವಿದ್ಯುತ್ತನ್ನು ಕೈಸಾಲ ತಂದರು, ಆಮೇಲೆ ಹಿಂದಿರುಗಿಸುವ ಕರಾರಿನಲ್ಲಿ. ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ಆದೇಶಿಸಿದರು. ಮುಂಚಿನ ವರ್ಷಗಳ ಮಳೆಗಾಲದಲ್ಲಿ ಬೇಡವೆಂದು ಮೂಲೆಗಿಟ್ಟಿದ್ದ ರಾಯಚೂರು, ಬಳ್ಳಾರಿಯ ಘಟಕಗಳೇ ಆಗ ಆಧಾರವಾದವು.

ಬ್ಯಾಟರಿಯ ಮಾತು ಬಂದಾಗಲೆಲ್ಲ ಆ ಅಕ್ಟೋಬರ್ ನೆನಪಾಗುತ್ತದೆ. ಬ್ಯಾಟರಿ ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ದಾಟಿಸುತ್ತದೆ. ಬಾರದ ಮುಂಗಾರಿನ ಕೊರತೆಯನ್ನು ತಿಂಗಳುಗಟ್ಟಲೆ ತುಂಬುವುದು ಅದರ ಕೆಲಸವಲ್ಲ.

ಬೂದಿ ಎಲ್ಲಿಗೆ ಹೋಗುತ್ತದೆ?

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಬೂದಿ. ಪೂರ್ತಿ ಓಡಿದ ದಿನ ಆರ್‌ಟಿಪಿಎಸ್‌ನಿಂದ ಎಂಟೊಂಬತ್ತು ಸಾವಿರ ಟನ್ ಬೂದಿ ಹೊರಬೀಳುತ್ತದೆ ಎಂದು ಲೆಕ್ಕ ಹಾಕಬಹುದು. ಭಾರವಾದದ್ದು ಬಾಯ್ಲರಿನ ತಳಕ್ಕೆ ಬಿದ್ದು, ನೀರಿನೊಂದಿಗೆ ಕಲಸಿ ಕೊಳವೆಯಲ್ಲಿ ಬೂದಿ ಹೊಂಡಕ್ಕೆ ಹೋಗುತ್ತದೆ. ಹಗುರವಾದ ಹಾರುಬೂದಿಯನ್ನು ಚಿಮಣಿಗೆ ಮೊದಲೇ ವಿದ್ಯುತ್ ಆವೇಶದ ತಗಡುಗಳಿಗೆ ಅಂಟಿಸಿ ಹಿಡಿಯುತ್ತಾರೆ. ಒಣ ಹಾರುಬೂದಿಗೆ ಸಿಮೆಂಟ್ ಕಾರ್ಖಾನೆಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ ಬೇಡಿಕೆಯಿದೆ. ನಿಮ್ಮ ಮನೆಗೆ ತಂದ ಪಿಪಿಸಿ ಸಿಮೆಂಟ್ ಚೀಲದಲ್ಲಿ ಇಂಥದ್ದೇ ಬೂದಿ ಇರುತ್ತದೆ. ಹುಟ್ಟಿದ ಬೂದಿಯಷ್ಟನ್ನೂ ಬಳಸಲೇಬೇಕೆಂದು 2021ರ ಡಿಸೆಂಬರ್‌ನ ಅಧಿಸೂಚನೆ ಹೇಳುತ್ತದೆ.

ತೊಂದರೆ ಇರುವುದು ಹೊಂಡದಲ್ಲಿ ಉಳಿದ ಹಳೆಯ ಬೂದಿಯದು. ಏಪ್ರಿಲ್–ಮೇ ತಿಂಗಳ ಬಿಸಿಗಾಳಿಗೆ ಅದು ಒಣಗಿ ಎದ್ದರೆ ಒಣಹಾಕಿದ ಬಟ್ಟೆ, ಹತ್ತಿಯ ಗಿಡ, ಮುಚ್ಚಳ ಮರೆತ ನೀರಿನ ಕೊಡ ಯಾವುದನ್ನೂ ಬಿಡುವುದಿಲ್ಲ. ಟಾರ್ಪಾಲು ಸರಿಯಾಗಿ ಹೊದಿಸದ ಬೂದಿ ಲಾರಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಹೆಚ್ಚು ವಿವರಿಸಬೇಕಿಲ್ಲ. ವಿದ್ಯುತ್ತು ತಂತಿಯಲ್ಲಿ ಬೆಂಗಳೂರಿಗೆ ಹೋಗುತ್ತದೆ, ಬೂದಿ ಇಲ್ಲೇ ಕೂರುತ್ತದೆ. ಕಲ್ಲಿದ್ದಲು ಇನ್ನೂ ಬೇಕು ಎಂದು ವಾದಿಸುವ ನನ್ನಂಥವರು ಈ ಮಾತನ್ನು ನುಂಗಿಕೊಂಡು ಮುಂದೆ ಹೋಗುವಂತಿಲ್ಲ.

ಗಂಧಕದ ಹೊಗೆ ತಡೆಯುವ ಯಂತ್ರ ಕಡ್ಡಾಯವಲ್ಲವೇ?

2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಎರಡು ವರ್ಷದ ಗಡುವು ಕೊಟ್ಟಿತ್ತು. ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೊಡ್ಡ ನಗರಗಳಿಂದ ದೂರವಿರುವ ಬಹುಪಾಲು ಸ್ಥಾವರಗಳಿಗೆ ಆ ಯಂತ್ರದಿಂದಲೇ ವಿನಾಯಿತಿ ಸಿಕ್ಕಿತು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಸಮರ್ಥನೆ. ಕಡಿಮೆ ನಿಜ, ಇಲ್ಲವೇ ಇಲ್ಲ ಎಂದಲ್ಲ.

ಇಂಗಾಲದ ಲೆಕ್ಕ?

ಯೂನಿಟ್‌ಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆ ಪೂರ್ತಿ ಕಲ್ಲಿದ್ದಲನ್ನೇ ನಂಬಿದ್ದರೆ, ಒಂದು ಕ್ವಿಂಟಲ್.

ಬ್ರಿಟನ್ ಕಲ್ಲಿದ್ದಲು ಬಿಟ್ಟಿತಲ್ಲ, ನಮಗೇಕೆ ಆಗದು?

2024ರ ಸೆಪ್ಟೆಂಬರ್ 30ರಂದು ರ್‍ಯಾಟ್‌ಕ್ಲಿಫ್ ಸ್ಥಾವರ ಮುಚ್ಚುವುದರೊಂದಿಗೆ, 1882ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಲ್ಲಿದ್ದಲು ವಿದ್ಯುತ್ತಿನ ಕಥೆ ಅಲ್ಲಿ ಮುಗಿಯಿತು. ಆದರೆ ಅವರ ಬೇಡಿಕೆ ಏರುತ್ತಿರಲಿಲ್ಲ, ಕೈಯಲ್ಲಿ ನೈಸರ್ಗಿಕ ಅನಿಲವಿತ್ತು, ಸಮುದ್ರದ ಗಾಳಿಯಿತ್ತು. ನಮ್ಮಲ್ಲಿ 2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವಾಟ್ ಮುಟ್ಟಿತು. ಅನಿಲ ದುಬಾರಿ. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು ‘ಕೈಬಿಡುವುದು’ ಎಂಬ ಪದವನ್ನು ‘ತಗ್ಗಿಸುವುದು’ ಎಂದು ತಿದ್ದಿಸಲು ಭಾರತ ಪಟ್ಟು ಹಿಡಿದದ್ದು ಇದೇ ಕಾರಣಕ್ಕೆ. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಪಳೆಯುಳಿಕೆ ಇಂಧನೇತರ ಮೂಲಗಳದ್ದಾಯಿತು ಎಂಬುದು ನಿಜ. ಆದರೆ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಸಿಂಹಪಾಲು ಈಗಲೂ ಕಲ್ಲಿದ್ದಲಿನದೇ.

ಕನಿಷ್ಠ ಒಂದು, ಎರಡನೇ ಘಟಕಗಳನ್ನಾದರೂ ಮುಚ್ಚಬಾರದೇ?

ಮುಚ್ಚಬೇಕಾದವು ಮೊದಲು ಅವೇ. 1985, 1986ರ ಯಂತ್ರಗಳು, ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಭಾಗದಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತವೆ. ಯರಮರಸ್‌ನ ಹೊಸ ಘಟಕಗಳು ಅಷ್ಟೇ ವಿದ್ಯುತ್ತನ್ನು ಕಡಿಮೆ ಕಲ್ಲಿದ್ದಲಿನಲ್ಲಿ ಕೊಡಬಲ್ಲವು. ಆದರೆ 2030ರವರೆಗೆ ಯಾವ ಉಷ್ಣ ಘಟಕವನ್ನೂ ನಿವೃತ್ತಿಗೊಳಿಸಬೇಡಿ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರ ಜನವರಿಯಲ್ಲಿ ಸೂಚಿಸಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಎರಡನ್ನು ಬರದ ವರ್ಷಕ್ಕೆಂದು ಮೀಸಲಿಟ್ಟು, ಉಳಿದ ದಿನ ಹಚ್ಚದೇ ಇರುವುದು ಮೇಲು. ಅದಕ್ಕೆ ಕೊಡುವ ಕಾಯುವ ಕೂಲಿಯನ್ನು ವಿಮೆಯ ಕಂತು ಎಂದುಕೊಳ್ಳಬೇಕು.

ಶರಾವತಿ ಪಂಪ್ಡ್ ಸ್ಟೋರೇಜ್ ಬಂದರೆ ಸಂಜೆಯ ಸಮಸ್ಯೆ ತೀರುವುದಿಲ್ಲವೇ?

ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಹಗಲಿನ ಸೌರ ವಿದ್ಯುತ್ತಿನಿಂದ ನೀರು ಮೇಲೆತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವಾಟ್ ಪಡೆಯುವ ಯೋಜನೆ ಅದು. ಸಂಜೆಯ ಕೆಲವು ಗಂಟೆಗಳಿಗೆ ಬಲವಾದ ಪರಿಹಾರ, ಅನುಮಾನವಿಲ್ಲ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ರಾಯಚೂರಿನ ಬೂದಿ ತಪ್ಪಿಸಲು ಮಲೆನಾಡಿನ ಕಾಡು ಕಡಿಯಬೇಕೇ ಎಂದು ಅಲ್ಲಿನವರು ಕೇಳಿದರೆ ಇಲ್ಲಿ ಕುಳಿತು ಉತ್ತರ ಕೊಡುವುದು ಕಷ್ಟ. ಬ್ಯಾಟರಿಯ ಬೆಲೆ ಇಳಿಯುತ್ತಿರುವ ವೇಗ ನೋಡಿದರೆ, ಎರಡು ಮೂರು ಗಂಟೆಯ ಸಂಜೆಯ ಹೊರೆಗೆ ಕಾಡು ಮುಟ್ಟದ ದಾರಿಯನ್ನು ಮೊದಲು ಪೂರ್ತಿ ಬಳಸಬೇಕು ಎಂದು ನನಗೆ ಅನಿಸುತ್ತದೆ.

ಮುಂದೊಂದು ದಿನ ಮುಚ್ಚಿದರೆ ಶಕ್ತಿನಗರದ ಗತಿ?

ದಕ್ಷಿಣ ಆಫ್ರಿಕಾದ ಕೊಮಾಟಿ ಸ್ಥಾವರದ ಉದಾಹರಣೆ ಇದೆ. 2022ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚಿ, ವಿಶ್ವಬ್ಯಾಂಕಿನ ಹಣದಲ್ಲಿ ಸೌರ ಸ್ಥಾವರ, ತರಬೇತಿ ಕೇಂದ್ರ ಎಂದೆಲ್ಲ ಯೋಜಿಸಿದರು. ಚಿಮಣಿ ತಣ್ಣಗಾದದ್ದು ಮೊದಲು, ಹೊಸ ಉದ್ಯೋಗದ ಮಾತು ಆಮೇಲೆ ತೆವಳುತ್ತ ಬಂತು. ದೆಹಲಿಯ ಬದರ್‌ಪುರ ಸ್ಥಾವರ 2018ರ ಅಕ್ಟೋಬರ್‌ನಲ್ಲಿ ನಿಂತಿತು. ಮಹಾನಗರದಲ್ಲಿದ್ದವರಿಗೆ ಬೇರೆ ಕೆಲಸ ಹುಡುಕಲು ಊರು ದೊಡ್ಡದಿತ್ತು.

ಶಕ್ತಿನಗರ ಹಾಗಲ್ಲ. ಕಾಲೊನಿ, ಶಾಲೆ, ಆಸ್ಪತ್ರೆ, ಗೇಟಿನ ಎದುರಿನ ಮಿರ್ಚಿ ಬಜ್ಜಿ ಅಂಗಡಿ ಎಲ್ಲವೂ ಈ ಚಿಮಣಿಗಳ ಬುಡದಲ್ಲಿ ಬೆಳೆದವು. ಕಾಯಂ ನೌಕರನನ್ನು ನಿಗಮ ಬೇರೆಡೆಗೆ ವರ್ಗ ಮಾಡೀತು. ಕಲ್ಲಿದ್ದಲು ಗುಡಿಸುವ, ಬೂದಿ ತುಂಬುವ ಗುತ್ತಿಗೆ ಕಾರ್ಮಿಕನನ್ನು ಎಲ್ಲಿಗೆ ವರ್ಗ ಮಾಡುತ್ತಾರೆ? ಸ್ಥಾವರಕ್ಕೆ ಜಮೀನು ಕೊಟ್ಟವರ ಮಕ್ಕಳೂ ಆ ಗುತ್ತಿಗೆ ಪಟ್ಟಿಯಲ್ಲಿದ್ದಾರೆ.

ಜಾಗಕ್ಕೆ ಬೆಲೆಯಂತೂ ಇದೆ. ಕೃಷ್ಣೆಯ ನೀರು, ರೈಲು ಹಳಿ, ಎಲ್ಲಕ್ಕಿಂತ ಮುಖ್ಯವಾಗಿ ದೊಡ್ಡ ತಂತಿಗಳ ಜಾಲ. ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದೊಂದಿಗೆ ಒಂದೇ ಜಾಲವಾಗಿ ಕೂಡಿದ್ದೇ 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ. ಬ್ಯಾಟರಿ ಸಂಗ್ರಹಾಗಾರಕ್ಕೆ ಇಂಥ ಜಾಗವೇ ಬೇಕು. ಆದರೆ ಬ್ಯಾಟರಿ ಕಾಯಲು ಬೇಕಾಗುವ ಜನ ಬಾಯ್ಲರ್ ಕಾಯುವವರ ಹತ್ತನೇ ಒಂದು ಭಾಗವೂ ಇರಲಾರರು, ಇದನ್ನು ಮುಚ್ಚಿಡದೆ ಈಗಲೇ ಹೇಳಬೇಕು.

ನಾನು ಬೆಂಗಳೂರಿನಲ್ಲಿದ್ದೇನೆ. ನನ್ನಿಂದ ಏನಾದರೂ ಆಗುತ್ತದೆಯೇ?

ಗಡಿಯಾರ ನೋಡಿ ಸ್ವಿಚ್ ಒತ್ತಿ. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವುದು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ, ವಿದ್ಯುತ್ ಸ್ಕೂಟರಿನ ಚಾರ್ಜಿಂಗ್ ಇವುಗಳಲ್ಲಿ ಯಾವುದಕ್ಕೂ ಸಂಜೆ ಏಳರ ಮುಹೂರ್ತ ಬೇಕಿಲ್ಲ. ಹಗಲು ಹನ್ನೊಂದರಿಂದ ಮೂರರೊಳಗೆ ಮುಗಿಸಿದರೆ ಅದರ ಬಹುಪಾಲು ಪಾವಗಡದ ಬಿಸಿಲು. ಅದೇ ಕೆಲಸ ಸಂಜೆ ಮಾಡಿದರೆ ಶಕ್ತಿನಗರದಲ್ಲಿ ಮತ್ತೊಂದು ಮಿಲ್ ಚಾಲೂ ಮಾಡಬೇಕಾಗುತ್ತದೆ.